ಖರಜಕ್ಕೊಂದು ಜಾಗ

ರುತುಜಾಗೆ ಕೊಲ್ಹಾಪುರದ ಸಂಗೀತ ಕಾಲೇಜಿನಲ್ಲಿ ಸೀಟು ಸಿಕ್ಕ ದಿನ ಮನೆಯಲ್ಲಿ ಯಾರೂ ಸಂಗೀತದ ಮಾತೆತ್ತಲಿಲ್ಲ. ಎತ್ತಿದ್ದೆಲ್ಲ ಅವಳು ಎಲ್ಲಿರಬೇಕು ಎಂಬ ಮಾತು.

ಅವಳ ಅಪ್ಪ ಸಾತಪ್ಪನದು ಗಡಹಿಂಗ್ಲಜದಲ್ಲಿ ಮೆಣಸಿನಕಾಯಿಯ ಅಡತಿ ಅಂಗಡಿ. ಮುಂದೆ ಅಂಗಡಿ, ನಡುವೆ ಗೋದಾಮು, ಹಿಂದೆ ಮನೆ. ಸುಗ್ಗಿಯಲ್ಲಿ ಚೀಲ ಸುರಿದಾಗಲೆಲ್ಲ ಮನೆಮಂದಿ ಕೆಮ್ಮುತ್ತಾರೆ. ಕೆಮ್ಮುತ್ತಲೇ ಉಣ್ಣುತ್ತಾರೆ, ಕೆಮ್ಮುತ್ತಲೇ ಟಿವಿ ನೋಡುತ್ತಾರೆ. ನೆಂಟರು ಬಂದು ಮೂಗಿಗೆ ಸೆರಗು ಹಿಡಿದಾಗ ಮಾತ್ರ ಅವರಿಗೆ ತಾವು ಕೆಮ್ಮುತ್ತಿರುವುದು ನೆನಪಾಗುತ್ತದೆ. ರುತುಜಾ ಮಾಳಿಗೆಯ ಮೇಲೆ ನೀರಿನ ಟಾಕಿಯ ಮಗ್ಗುಲಲ್ಲಿ ಕುಳಿತು ಹಾಡಿ ಹಾಡಿ ಇಲ್ಲಿಯವರೆಗಿನ ಪರೀಕ್ಷೆಗಳನ್ನು ಮುಗಿಸಿದ್ದಳು. ಇನ್ನು ಅಲ್ಲಿಂದ ದಿನಾ ಕೊಲ್ಹಾಪುರಕ್ಕೆ ಎಸ್‌.ಟಿ. ಹತ್ತುವುದೆಂದರೆ ಹಗಲೆಲ್ಲ ಬಸ್ಸಿನಲ್ಲೇ ಕಳೆಯುತ್ತದೆ. ಉಳಿದದ್ದು ಎರಡು ಜಾಗ. ಒಂದು ಕೊಲ್ಹಾಪುರದಲ್ಲಿ ತಮ್ಮ ಸಮಾಜದ ಹುಡುಗಿಯರ ಬೋರ್ಡಿಂಗು. ಇನ್ನೊಂದು ಇಚಲಕರಂಜಿಯಲ್ಲಿ ಸಾತಪ್ಪನ ಅಕ್ಕ ಚನ್ನವ್ವನ ಮನೆ.

ಬೋರ್ಡಿಂಗನ್ನು ಅಪ್ಪ ಮಗಳು ಹೋಗಿ ನೋಡಿ ಬಂದರು. ಅಲ್ಲಿನ ಮೇಲ್ವಿಚಾರಕಿ ರೆಕ್ಟರ್ ಬಾಯಿ ಕನ್ನಡಕ ತೆಗೆದು ಒರೆಸುತ್ತ ಹೇಳಿದಳು: "ಜಾಗಾ ಐತ್ರಿ. ಆದ್ರ ಇಲ್ಲಿ ಎಂಪಿಎಸ್ಸಿ ನೌಕರಿ ಪರೀಕ್ಷಾಕ ಅಭ್ಯಾಸ ಮಾಡೂ ಹುಡುಗ್ಯಾರ ಭಾಳ ಅದಾರ. ಮುಂಜಾನೆ ಗದ್ದಲ ನಡೆಯಾಂಗಿಲ್ಲ."

"ಗದ್ದಲ ಅಲ್ರಿ, ರಿಯಾಜ," ಎಂದಳು ರುತುಜಾ.

"ನಡುವ ಇರೂದು ಒಂದ ತಗಡಿನ ಗ್ವಾಡಿವಾ. ಅದಕ್ಕ ಎರಡರ ಫರಕ್ ಹೆಂಗ ತಿಳೀಬೇಕು?"

ಸಾತಪ್ಪ ಹೊರಗೆ ಬಂದು ಮೆಟ್ಟಿಲ ಮೇಲೆಯೇ ಅಕ್ಕನಿಗೆ ಫೋನು ಹಚ್ಚಿದ. ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡಿದ್ದರೂ ಚನ್ನವ್ವನ ಮಾತು ಬೀದಿಯಲ್ಲಿ ಹೋಗುವವರಿಗೂ ಕೇಳುತ್ತಿತ್ತು.

"ಸ್ವಂತ ಅತ್ತಿ ಸತ್ತಾಳೇನೋ ಸಾತಪ್ಪಾ? ಹುಡುಗೀನ ಬೋರ್ಡಿಂಗಿನಾಗ ಇಡತಾನಂತ ಬೋರ್ಡಿಂಗಿನಾಗ! ಇಲ್ಲಿ ತಂದ ಬಿಡು. ಎಷ್ಟರ ಒದರಲಿ, ಯಾರಿಗೂ ಕೇಳಾಂಗಿಲ್ಲ."

ಕೊನೆಯ ಮಾತು ರುತುಜಾಗೆ ಹಿಡಿಸಿತು. ಗಡಹಿಂಗ್ಲಜದಲ್ಲಿ ಅವಳು ಬಾಯಿ ತೆರೆದರೆ ಹಮಾಲರು ಕೆಳಗಿನಿಂದ ಸಿನೆಮಾ ಹಾಡಿನ ಫರ್ಮಾಯಿಶಿ ಕೂಗುತ್ತಿದ್ದರು. ಯಾರಿಗೂ ಕೇಳದ ಜಾಗ ಅವಳಿಗೆ ಸ್ವರ್ಗದಂತೆ ತೋರಿತು.

"ಅತ್ತಿ ಮನೀನ ಆಗಲೇಳಪಾ," ಎಂದಳು. ಸಾತಪ್ಪನ ಮುಖದ ಮೇಲೆ ಆಗ ಬಂದ ಗೆಲುವನ್ನು ಅವಳು ಬೋರ್ಡಿಂಗಿನ ಫೀ ಉಳಿದ ಗೆಲುವೆಂದೇ ತಿಳಿದಳು.

ಚನ್ನವ್ವನ ಮನೆ ಮಗ್ಗಗಳ ಮೇಲಿತ್ತು. ಕೆಳಗೆ ಉದ್ದನೆಯ ಶೆಡ್ಡು, ಅದರಲ್ಲಿ ಎರಡು ಸಾಲು ಪಾವರ್‌ಲೂಮು. ಮೇಲೆ ಮೂರು ಕೋಣೆ. ಹಗಲು ಪಾಳಿ, ರಾತ್ರಿ ಪಾಳಿ ಎಂದು ಮಗ್ಗ ಓಡುತ್ತಲೇ ಇರುತ್ತಿತ್ತು. ನೆಲ ನಡುಗುತ್ತಿತ್ತು. ಮಾಡದಲ್ಲಿಟ್ಟ ಸ್ಟೀಲ್ ಲೋಟಗಳು ತಾವೇ ಸರಿದು ಅಂಚಿಗೆ ಬರುತ್ತಿದ್ದವು. ದಿನಕ್ಕೊಮ್ಮೆ ಅವನ್ನು ಹಿಂದೆ ತಳ್ಳುವುದೂ ಕಸ ಹೊಡೆಯುವಷ್ಟೇ ಸಹಜವಾದ ಮನೆಗೆಲಸವಾಗಿತ್ತು. ಗಂಡ ತೀರಿಕೊಂಡ ಮೇಲೆ ಚನ್ನವ್ವ, ಅವಳ ಮಗ ನಿಲೇಶ ಸೇರಿ ಕಾರಖಾನೆ ನಡೆಸುತ್ತಿದ್ದರು. ನಿಲೇಶನಿಗೆ ಇಪ್ಪತ್ತಾರು. ಮಾತು ಕಡಿಮೆ. ಕೆಲಸಗಾರರಿಗೆ ಬೆರಳಿನಲ್ಲೇ ಎಲ್ಲ ಹೇಳುತ್ತಿದ್ದ. ಎರಡು ಬೆರಳೆತ್ತಿ ತಿರುಗಿಸಿದರೆ ನೂಲು ಹರಿದಿದೆ ಎಂದು, ಅಂಗೈ ಕೆಳಗೆ ಮಾಡಿದರೆ ಚಹಾ ಬಂತು ಎಂದು.

ಚನ್ನವ್ವ ಮಾತ್ರ ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದಳು, ಗುಟ್ಟನ್ನೂ. ಮಗ್ಗದ ಸದ್ದಿನಲ್ಲಿ ಎದುರಿಗಿದ್ದವರಿಗೆ ಬಿಟ್ಟರೆ ಬೇರೆಯವರಿಗೆ ಅದು ಕೇಳುತ್ತಿರಲಿಲ್ಲ. ರುತುಜಾ ಬಂದ ಮೊದಲ ವಾರದಲ್ಲೇ ಚನ್ನವ್ವ ಶೆಡ್ಡಿನ ಬಾಗಿಲಲ್ಲಿ ನಿಂತು, ಹತ್ತು ಹೆಜ್ಜೆ ಆಚೆ ಮಗ್ಗದ ಮುಂದೆ ನಿಂತಿದ್ದ ಕೃಷ್ಣಾತನನ್ನು ತೋರಿಸಿ, "ಇಂವಾ ಹೇಂತೀ ಬಿಟ್ಟ ಮತ್ತೊಬ್ಬಾಕೀ ಕೂಡ ಅದಾನ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಕೃಷ್ಣಾತ ತಿರುಗಿ ನೋಡಿ ನಮಸ್ಕಾರ ಮಾಡಿದ. ಚನ್ನವ್ವನೂ ನಗುತ್ತ ನಮಸ್ಕಾರ ಮಾಡಿದಳು.

ರುತುಜಾ ತಿಂಗಳೊಪ್ಪತ್ತಿನಲ್ಲಿ ಇದಕ್ಕೆ ಹೊಂದಿಕೊಂಡಳು. ಬೆಳಗ್ಗೆ ಎದ್ದು, ಮೊಬೈಲಿನಲ್ಲಿ ತಾನಪುರ ಹಚ್ಚಿ, ಅದು ಕೇಳಿಸದಿದ್ದಾಗ ಕಿವಿಗೆ ವಾಯರು ಸಿಕ್ಕಿಸಿಕೊಂಡು ಪೂರಾ ಗಂಟಲಿನಲ್ಲಿ ಹಾಡುತ್ತಿದ್ದಳು. ನಾಚಿಕೆ ಇಲ್ಲ, ಹಮಾಲರಿಲ್ಲ. ದನಿ ದಿನದಿನಕ್ಕೆ ದೊಡ್ಡದಾಗುತ್ತಿತ್ತು. ದೊಡ್ಡದಾದದ್ದನ್ನು ಅವಳು ಬೆಳೆದದ್ದೆಂದು ತಿಳಿದಳು. ಆಮೇಲೆ ಓಡಿಹೋಗಿ ಕೊಲ್ಹಾಪುರದ ಬಸ್ಸು ಹಿಡಿಯುತ್ತಿದ್ದಳು. ಬಸ್ಸಿನಲ್ಲಿ ಪಕ್ಕದವರು ಅವಳು ಫೋನಿನಲ್ಲಿ ಮಾತಾಡುವುದನ್ನು ಕೇಳಿ ಬೇರೆ ಸೀಟು ಹುಡುಕುತ್ತಿದ್ದರು.

ಕಾಲೇಜಿನಲ್ಲಿ ಗಾಯನ ಕಲಿಸುತ್ತಿದ್ದವಳು ಸೋನಲ ಮ್ಯಾಡಮ್. ಮರಾಠಿಯವಳು, ಸಣ್ಣ ದನಿಯವಳು. ಗಣಪತಿ ಹಬ್ಬದ ರಜೆ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಳು. ರುತುಜಾ ಒಂದು ಆಲಾಪ ಎತ್ತಿಕೊಂಡಳು. ಮ್ಯಾಡಮ್ ಕೈ ಅಡ್ಡ ಮಾಡಿದಳು.

"ಕುಣಾಲಾ ಹಾಕ ಮಾರತೀಯೇಸ ಗಂ?" ಯಾರನ್ನ ಕೂಗಿ ಕರೀತಿದ್ದೀಯೇ ಎಂದು. ಹುಡುಗರು ನಕ್ಕರು.

ಮ್ಯಾಡಮ್ ನಗಲಿಲ್ಲ. ಖರಜ ತೋರಿಸು ಎಂದಳು. ಖರಜವೆಂದರೆ ಕೆಳಗಿನ ಸಪ್ತಕದ ಸಾ. ಬೆಳಗಿನ ಹೊತ್ತು ದನಿಯನ್ನು ಅಲ್ಲಿಗಿಳಿಸಿ ಉಸಿರು ಇರುವಷ್ಟು ಹೊತ್ತು ಅಲ್ಲೇ ನಿಲ್ಲಿಸಬೇಕು. ಹಾಡುವವರ ಗಂಟಲಿಗೆ ಅದೇ ಬುನಾದಿ. ರುತುಜಾ ಇಳಿಯಲು ನೋಡಿದಳು. ಪ ಆಯಿತು, ಮ ಆಯಿತು, ಆಮೇಲೆ ಬರೀ ಗಾಳಿ. ಗಡಹಿಂಗ್ಲಜದಲ್ಲಿ ಇದ್ದ ಸ್ವರಗಳು ಇಲ್ಲವಾಗಿದ್ದವು. ಮತ್ತೆ ನೋಡಿದಳು. ಗಂಟಲು ಬಾಗಿಲ ಚಿಲಕದಂತೆ ಗರ್ ಎಂದಿತು.

ತರಗತಿ ಮುಗಿದ ಮೇಲೆ ಮ್ಯಾಡಮ್ ಅವಳು ಎಲ್ಲಿರುತ್ತಾಳೆಂದು ವಿಚಾರಿಸಿಕೊಂಡಳು. ಮಗ್ಗದ ಮನೆ ಎಂದು ಕೇಳಿದ ಮೇಲೆ, ಗಂಟಲು ಕೆಡಿಸಿಕೊಳ್ಳುತ್ತಿದ್ದೀ, ಜಾಗ ಬದಲಾಯಿಸು ಎಂದಳು. ದೀಪಾವಳಿ ರಜೆ ಮುಗಿದ ಮೇಲೆ ಮತ್ತೆ ಕೇಳುತ್ತೇನೆ, ಖರಜ ಬರದಿದ್ದರೆ ಗಾಯನ ಬಿಟ್ಟು ಹಾರ್ಮೋನಿಯಂ ತಗೋ ಎಂದಳು.

ಆ ಸಂಜೆ ಊಟದ ಹೊತ್ತಿಗೆ ರುತುಜಾ ಇದನ್ನೆಲ್ಲ ಕೂಗಿ ಕೂಗಿ ಹೇಳಿದಳು. ಬೇರೆ ಜಾಗ ನೋಡಬೇಕಾಗುತ್ತದೆ ಎಂದೂ ಕೂಗಿದಳು. ಚನ್ನವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ನಿಲೇಶ ತಾಟಿನಿಂದ ತಲೆ ಎತ್ತಿದ.

"ಜಾಗಾ ಯಾಕ ಬದಲ ಮಾಡತಿ? ಮುಂಜಾನೆ ಒಂದ ತಾಸ ಮಗ್ಗ ಬಂದ್ ಇಡತೇನಿ," ಎಂದ.

ರುತುಜಾ ಅತ್ತೆಯ ಮುಖ ನೋಡಿದಳು. ವಿದ್ಯುತ್ತು ಹೋದಾಗ ಅರ್ಧ ತಾಸಿಗೇ ಸರಕಾರಕ್ಕೆ ಶಾಪ ಹಾಕುವ ಹೆಂಗಸು ಅವಳು. ಅವಳು ಶಾಪ ಹಾಕಲಿಲ್ಲ. "ಇಡೋ. ಮನ್ಯಾಗಿನ ಹುಡುಗಿ, ಆಕೀಗೆ ಮಾಡಲಾರದ ಮತ್ತ ಯಾರಿಗೆ ಮಾಡೂದು," ಎಂದು ರುತುಜಾಳ ತಾಟಿಗೆ ಇನ್ನೊಂದು ಚಮಚ ತುಪ್ಪ ಬಡಿಸಿದಳು. ರುತುಜಾಗೆ ಖುಷಿಯಾಯಿತು. ಖುಷಿಯ ಜೊತೆಗೆ ಏನೋ ಸರಿಯಿಲ್ಲ ಎಂದೂ ಅನ್ನಿಸಿತು. ಅವಳು ಮೊದಲನೆಯದನ್ನೇ ಇಟ್ಟುಕೊಂಡಳು.

ಮರುದಿನ ಇನ್ನೂ ಬೆಳಕು ಹರಿಯುವ ಮೊದಲು ಮಗ್ಗ ನಿಂತವು. ಎಲ್ಲ ಒಂದೇ ಸಲಕ್ಕೆ ನಿಲ್ಲಲಿಲ್ಲ. ಒಂದೊಂದಾಗಿ ಲಾಳಿಗಳು ಬಡಿಯುವುದನ್ನು ಬಿಟ್ಟವು, ಕೊನೆಯದೊಂದು ಮೂಲೆಯಲ್ಲಿ ಸ್ವಲ್ಪ ಹೊತ್ತು ಒಂಟಿಯಾಗಿ ಬಡಿದು ಸುಮ್ಮನಾಯಿತು. ರುತುಜಾಳ ಕಿವಿಯೊಳಗೆ ಮಾತ್ರ ಸದ್ದು ಇನ್ನೂ ಓಡುತ್ತಿತ್ತು. ತಾನಪುರ ಹಚ್ಚಿದಳು. ಎಷ್ಟೋ ದಿನದ ಮೇಲೆ ಅದರ ನಾಲ್ಕೂ ತಂತಿ ಬೇರೆ ಬೇರೆಯಾಗಿ ಕೇಳಿದವು. ಸಾ ಎತ್ತಿದಳು. ಅದು ಅವಳಿಗೆ ಬೇರೆ ಯಾರೋ ಸಿಟ್ಟಿನಲ್ಲಿ ಮಾತಾಡಿದಂತೆ ಕೇಳಿತು. ತನ್ನ ದನಿ ಹೀಗಾಗಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ತಗ್ಗಿಸಿದಳು, ಇನ್ನೂ ತಗ್ಗಿಸಿದಳು. ನಾಲ್ಕೈದು ದಿನ ಹೀಗೇ ನಡೆಯಿತು. ಒಂದು ಬೆಳಗ್ಗೆ ಕೆಳಗಿನ ಗ ಸಿಕ್ಕಿತು. ಮುರುಕು ಗ, ಆದರೂ ಸಿಕ್ಕಿತು.

ಅದೇ ಖುಷಿಯಲ್ಲಿ ನೀರು ಕುಡಿಯಲು ಕೆಳಗಿಳಿದಳು. ರಾತ್ರಿ ಪಾಳಿಯವರು ಶೆಡ್ಡಿನ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು. ತಲೆಯಲ್ಲಿ, ಹುಬ್ಬಿನಲ್ಲಿ ಹತ್ತಿಯ ಧೂಳು. ಲಾಳಿಗೆ ನೂಲಿನ ಕಾಂಡಿ ತುಂಬುವ ರಂಗುಬಾಯಿ ಅವಳನ್ನು ನೋಡಿ ಎದ್ದಳು.

"ಮುಗೀತೇನ್ರಿ ಸೊಸಿಬಾಯಿ?"

"ಯಾವ ಸೊಸಿ?"

"ಅಯ್ಯ, ನಾಚಿಗಿ ನೋಡ! ನೇಯ್ದಷ್ಟ ಮೀಟರಿಗೆ ನಮಗ ಕೂಲಿರಿ. ಒಂದ ತಾಸ ಮಗ್ಗ ನಿಂತ್ರ ಬ್ಯಾರೆಯವರಿಗೆ ಆಗಿದ್ರ ಬಾಯಿ ಮಾಡತಿದ್ವಿ. ಮಾಲಕರ ಮನಿ ಸೊಸಿಗೆ ಏನ ಅನ್ನೂದು?"

"ಬ್ಯಾಂಡಿನ ಖರ್ಚು ಉಳೀತು," ಎಂದ ಕೃಷ್ಣಾತ ಕೂತಲ್ಲಿಂದಲೇ. "ಅಕ್ಷತಿಗೆ ಮದಲಗಿತ್ತೀನ ಹಾಡತಾಳ."

ಎಲ್ಲರೂ ನಕ್ಕರು. ಆ ನಗೆಯಲ್ಲಿ ಕುಹಕವಿರಲಿಲ್ಲ. ಕುಹಕವಿದ್ದರೆ ಜಗಳವಾಡಬಹುದಿತ್ತು.

"ನಾ ಕಾಲೇಜಿಗೆ ಬಂದೇನಿ," ಎಂದಳು ರುತುಜಾ.

"ಬರ್ರಿ ಬರ್ರಿ, ಯಾರ ಬ್ಯಾಡ ಅಂದ್ರು? ಆದ್ರ ವಯಸ್ಸಿಗೆ ಬಂದ ಹುಡುಗಿ ಸ್ವಾದರತ್ತಿ ಮನ್ಯಾಗ, ವಾರಿಗಿ ಮಗಾ ಇದ್ದ ಮನ್ಯಾಗ ಬಂದ ಇದ್ದಾಳಂದ್ರ, ಬಂದಾಗನ ಊರಿಗೆಲ್ಲ ತಿಳೀತ್ರಿ." ರಂಗುಬಾಯಿ ಅವಳ ಹೆಗಲ ಮೇಲಿನ ಹತ್ತಿಯ ಎಳೆಯೊಂದನ್ನು ತೆಗೆದು ಹಾಕಿದಳು. "ನಿಮಗ ತಿಳಿದಿಲ್ಲೇನು?"

ತಿಳಿದಿರಲಿಲ್ಲ. ಅಥವಾ ತಿಳಿಯುವಂಥದ್ದೆಲ್ಲ ಕಣ್ಣ ಮುಂದೇ ಇದ್ದರೂ ಅವಳು ನೋಡಿರಲಿಲ್ಲ. ಅತ್ತೆ ಅವಳನ್ನು ಗಲ್ಲಿಯ ಮನೆ ಮನೆಗೆ ಕರೆದೊಯ್ದು ಕುಂಕುಮ ಹಚ್ಚಿಸಿದ್ದು, ಬೀರುವಿನ ಕೀಲಿ ಎಲ್ಲಿದೆಯೆಂದು ತೋರಿಸಿದ್ದು. ಬೋರ್ಡಿಂಗಿನ ಮೆಟ್ಟಿಲ ಮೇಲೆ ಅಪ್ಪನ ಗೆಲುವು. ಇವರೆಲ್ಲರಿಗೂ ಅದು ಎಷ್ಟು ಸಹಜವಾಗಿತ್ತೆಂದರೆ ಅವಳನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕೇಳದಿದ್ದರೆ ಬೇಡ ಎನ್ನುವುದು ಹೇಗೆ?

ಮೆಟ್ಟಿಲು ಹತ್ತಿ ಮೇಲೆ ಬಂದಳು. ಚನ್ನವ್ವ ಅರಿಶಿಣ ಹಾಕಿದ ಹಾಲು ಹಿಡಿದು ಅವಳ ಕೋಣೆಯಿಂದ ಹೊರಬರುತ್ತಿದ್ದಳು. "ಎಲ್ಲಿ ಹೋಗಿದ್ದಿ? ಗಂಟಲಕ ಛಲೋ, ಕುಡಿ!" ಎಂದು ಎಂದಿನಂತೆಯೇ ಕೂಗಿದಳು.

ರುತುಜಾ ಎಂದಿನಂತೆಯೇ ಕೂಗಿ ಉತ್ತರ ಕೊಟ್ಟಳು. "ಅತ್ತೀ, ನಾ ನಿಲೇಶನ್ನ ಲಗ್ನ ಆಗಾಂಗಿಲ್ರಿ!"

ಚನ್ನವ್ವ ಲೋಟವನ್ನು ಮಾಡದಲ್ಲಿ ಕುಕ್ಕಿದಳು. "ಯಾಕ? ನನ್ನ ಮಗಾ ಏನ ಕುಂಟ ಅದಾನೋ ಕುರುಡ ಅದಾನೋ?"

"ನಾ ಹಾಡ ಕಲಿಯಾಕ ಬಂದೇನ್ರಿ, ಲಗ್ನಕ್ಕಲ್ಲ! ನನಗ ಯಾರರ ಕೇಳೀರೇನು?"

"ಏನ ಕೇಳೂದ ಐತಿ? ಕಾಲಾಗ ನಡಕೋತ ಬಂದಿ, ಮೂರ ತಿಂಗಳ ಅನ್ನಾ ಉಂಡಿ! ಮಗ್ಗದವರ ಮನಿಗೆ ಹೆಣ್ಣ ಕೊಡಾಂಗಿಲ್ಲಂತ ನಾಕ ಕಡೆಯವರು ಅವನ್ನ ನೋಡಿ ನೋಡಿ ಎದ್ದ ಹೋದ್ರು! ಉದಗಾಂವದಾಕಿ ಅಂತೂ ಮಾರಿ ಮ್ಯಾಲ ಅಂದ್ಲು, ಈ ಮೂಕನ್ನ ತಗೊಂಡ ಏನ ಮಾಡಲಿ ಅಂತ! ಮನೀ ಹುಡುಗಿ ನೀನೂ ಹಂಗ ಅಂದ್ರ ಅಂವಾ ಎಲ್ಲಿ ಹೋಗಬೇಕು?"

"ಅಂವಾ ಎಲ್ಲರ ಹೋಗಲಿ! ನನಗ ಬ್ಯಾಡ! ಈ ಮನೀನೂ ಬ್ಯಾಡ!"

ಕೆಳಗೆ ಯಾರೋ ಕೆಮ್ಮಿದರು.

ಇಬ್ಬರಿಗೂ ಆ ಕೆಮ್ಮು ಸ್ಪಷ್ಟವಾಗಿ ಕೇಳಿತ್ತು. ಆಮೇಲೆ ಎದುರು ಮನೆಯ ಕಿಟಕಿ ಮುಚ್ಚಿದ್ದೂ ಕೇಳಿತು. ಗಲ್ಲಿಯಲ್ಲಿ ಹಾಲಿನವನ ಸೈಕಲ್ಲು ನಿಂತಿತ್ತು, ಹಾಲಿನವನು ತಲೆ ಎತ್ತಿ ನೋಡುತ್ತಿದ್ದ. ಚನ್ನವ್ವ ಸೆರಗಿನ ತುದಿ ಬಾಯಿಗೊತ್ತಿಕೊಂಡಳು. ಎಷ್ಟೋ ವರ್ಷ ಈ ಮನೆಯ ಗುಟ್ಟುಗಳನ್ನು ಕಾದ ಸದ್ದು ಈಗ ಇಲ್ಲವೆಂದು ಅಲ್ಲಿಯವರೆಗೆ ಇಬ್ಬರಿಗೂ ನೆನಪಾಗಿರಲಿಲ್ಲ.

ಮೆಟ್ಟಿಲ ಕೆಳಗೆ ಸ್ವಿಚ್ಚಿನ ಹಲಗೆಯ ಹತ್ತಿರ ನಿಲೇಶ ನಿಂತಿದ್ದ. ಅವನಿಂದ ನಾಲ್ಕು ಹೆಜ್ಜೆಗೆ ಕಟ್ಟೆ, ಕಟ್ಟೆಯ ಮೇಲೆ ಅವನ ಕೆಲಸಗಾರರು. ಯಾರೂ ಅವನ ಮುಖ ನೋಡುತ್ತಿರಲಿಲ್ಲ. ಕೃಷ್ಣಾತ ತನ್ನ ಚಪ್ಪಲಿಯನ್ನು ನೋಡುತ್ತಿದ್ದ. ತಾಸು ಇನ್ನೂ ಮುಗಿದಿರಲಿಲ್ಲ. ನಿಲೇಶ ಕೈ ಎತ್ತಿ ಮೇನ್ ಸ್ವಿಚ್ಚು ಹಾಕಿದ, ಬೆರಳಿನಿಂದ ಒಳಗೆ ನಡೀರಿ ಎಂದು ತೋರಿಸಿದ. ಒಂದು ಮಗ್ಗ ಬಡಿಯತೊಡಗಿತು, ಆಮೇಲೆ ಎರಡು, ಆಮೇಲೆ ಎಲ್ಲ. ನೆಲ ನಡುಗಿತು. ಚನ್ನವ್ವ ಏನೋ ಹೇಳುತ್ತಿದ್ದಳು. ತುಟಿ ಆಡುವುದು ಕಾಣುತ್ತಿತ್ತು. ಈ ಸಲ ಅವಳು ಕೂಗಲಿಲ್ಲ, ಆದ್ದರಿಂದ ಅವಳು ಹೇಳಿದ್ದೇನೆಂದು ರುತುಜಾಗೆ ಕೊನೆಗೂ ತಿಳಿಯಲಿಲ್ಲ.

ಬ್ಯಾಗು ತುಂಬಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಿಲೇಶ ಬೈಕಿನಲ್ಲಿ ಸ್ಟ್ಯಾಂಡಿನವರೆಗೆ ಬಿಟ್ಟ. ಬ್ಯಾಗು ಹಿಡಿದುಕೊಳ್ಳಲಿಲ್ಲ, ಅವಳೇ ತೊಡೆಯ ಮೇಲಿಟ್ಟುಕೊಂಡಳು.

"ಬ್ಯಾಡ ಅಂದಿ, ಅದು ಬರೋಬರ. ಸಾವಕಾಶ ಅನಬೇಕಾಗಿತ್ತು," ಎಂದ ಅವಳು ಇಳಿಯುವಾಗ.

"ನಿಮ್ಮ ಮನ್ಯಾಗ ಸಾವಕಾಶ ಅನ್ನಾಕ ಯಾರಿಗೆ ಬರತೈತಿ?"

ಅವನು ನಗಬಹುದು ಎಂದುಕೊಂಡಿದ್ದಳು. ನಗಲಿಲ್ಲ. ಗಾಡಿ ತಿರುಗಿಸಿಕೊಂಡು ಹೋದ. ಕೆಟ್ಟದಾಗಿ ಮಾಡಿದೆ ಎಂದು ಅವಳಿಗೆ ಗೊತ್ತಿತ್ತು. ಬೇರೆ ಥರ ಮಾಡಿದ್ದರೂ ಅವನಿಗೆ ಸಿಗುವುದು ಅದೇ ಆಗಿತ್ತು ಎಂದೂ ಗೊತ್ತಿತ್ತು. ಬಸ್ಸಿನಲ್ಲಿ ಎರಡು ಸಲ ಸೀಟು ಬದಲಿಸಿದಳು.

ಕೊಲ್ಹಾಪುರದ ಸ್ಟ್ಯಾಂಡಿನಲ್ಲೇ ಕೂತಿರು ಎಂದು ಅಪ್ಪನ ಫೋನು ಬಂತು; ಮಧ್ಯಾಹ್ನದ ಹೊತ್ತಿಗೆ ಸಾತಪ್ಪ ಬಂದ. ಮಗಳು ಮುಟ್ಟುವ ಮೊದಲೇ ಅಕ್ಕನ ಫೋನು ಅವನಿಗೆ ಮುಟ್ಟಿತ್ತು, ಸಿಕ್ಕ ಗಾಡಿ ಹಿಡಿದು ಬಂದಿದ್ದ. ಅಂಗಡಿಯ ಅಂಗಿಯಲ್ಲೇ ಇದ್ದ. ಅದರಿಂದ ಎದ್ದ ಮೆಣಸಿನ ಘಾಟಿಗೆ ಬೆಂಚಿನ ಮೇಲಿದ್ದ ಮುದುಕನೊಬ್ಬ ಸೀನಿ ದೂರ ಸರಿದ.

"ಗಡಹಿಂಗ್ಲಜದ ಗಾಡಿ ಹಚ್ಯಾರ. ನಡಿ. ಕಾಲೇಜ ಸಾಕು."

"ನಾ ಬರಾಂಗಿಲ್ಲ."

"ನಮ್ಮಕ್ಕ ನನ್ನ ಮಾರಿ ನೋಡಾಂಗಿಲ್ಲ ಅಂದಾಳ! ನನ್ನ ಎತ್ತಿ ಆಡಿಸಿದಾಕಿ. ಗಲ್ಲಿ ಮಂದಿ ಮುಂದ ಹುಡುಗನ ಮಾನ ತಗದೀ."

"ನಿಮ್ಮ ಮನಸಿನಾಗ ಲಗ್ನ ಐತಿ ಅಂತ ನನಗ ಯಾಕ ಹೇಳಲಿಲ್ಲ?"

"ಹೇಳೂದ ಏನೈತಿ? ಅತ್ತಿ ಮನೀನ ಆಗಲಿ ಅಂತ ಬಾಯಿಲೆ ನೀನ ಅಂದಿ."

"ನಾ ಇರಾಕ ಅಂದೆ."

"ಅದು ಅಂದ್ರನ ಇದು!" ಸಾತಪ್ಪ ನಿಜವಾಗಿಯೂ ಬೆರಗಾಗಿದ್ದ. ಮಗಳಿಗೆ ಇಷ್ಟು ಸಣ್ಣ ಮಾತು ತಿಳಿಯದೇ ಹೋದದ್ದು ಹೇಗೆಂದು ಅವನಿಗೆ ಅರ್ಥವಾಗುತ್ತಿರಲಿಲ್ಲ.

ಕಂಡಕ್ಟರ್ ಗಡಹಿಂಗ್ಲಜ, ಗಡಹಿಂಗ್ಲಜ ಎಂದು ಕೂಗಿದ. ಸಾತಪ್ಪ ಬ್ಯಾಗಿಗೆ ಕೈ ಹಾಕಿದ. ರುತುಜಾ ಇನ್ನೊಂದು ಹಿಡಿಕೆ ಹಿಡಿದಳು. ಸ್ಟ್ಯಾಂಡಿನ ನಡುವೆ ಅಪ್ಪ ಮಗಳು ಬ್ಯಾಗು ಜಗ್ಗಾಡುತ್ತ ನಿಂತರು. ಕಡೆಗೆ ನಾಚಿಕೊಂಡು ಬಿಟ್ಟವನು ಸಾತಪ್ಪನೇ.

"ಮನ್ಯಾಗ ಮಣಸಿನಕಾಯಿ, ಅಲ್ಲಿ ಮಗ್ಗ. ಖರಜ ಎರಡೂ ಕಡೆ ಆಗಾಂಗಿಲ್ಲಪಾ," ಎಂದಳು ರುತುಜಾ. ಈಗ ದನಿ ತಾನಾಗಿಯೇ ತಗ್ಗಿತ್ತು. "ಬೋರ್ಡಿಂಗಿಗೆ ಹೋಗತೇನಿ."

"ಅಲ್ಲಿ ಮುಂಜಾನೆ ಬಾಯಿ ತಗೀಗುಡಾಂಗಿಲ್ಲ. ಕಿವೀಲೆ ಕೇಳೀ ಇಲ್ಲ?"

"ಕೇಳೇನಿ."

"ಮತ್ತ ಅಲ್ಲಿ ಹೋಗಿ ಏನ ಮಾಡತಿ?"

ರುತುಜಾ ಬ್ಯಾಗು ಹೆಗಲಿಗೇರಿಸಿದಳು. ಸಾತಪ್ಪ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕುಳಿತು ಆಚೆ ಮುಖ ಮಾಡಿದ. ಗಾಡಿ ಹಿಂದೆ ಸರಿಯುವಾಗ ಮಾತ್ರ ತಲೆ ಹೊರಗೆ ಹಾಕಿ ಬೈಯುವ ದನಿಯಲ್ಲೇ ಹೇಳಿದ: "ಆ ರೆಕ್ಟರ್ ಬಾಯಿಗೆ ಫೋನ್ ಹಚ್ಚತೇನಿ. ದೀಪಾವಳಿ ಆದ ಮ್ಯಾಲ ನಿಮ್ಮ ಮ್ಯಾಡಮ್ ಏನಂತಾಳ ನೋಡೂಣು. ಅಷ್ಟರತನಕ ಅಷ್ಟ!"

ಬೋರ್ಡಿಂಗಿನ ಕೋಣೆಯಲ್ಲಿ ಅವಳ ಜೊತೆ ಇದ್ದವಳು ನೇಸರಿ ಊರಿನ ಶೀತಲ. ಎರಡು ಸಲ ಎಂಪಿಎಸ್ಸಿ ಬರೆದು ಮೂರನೆಯದಕ್ಕೆ ತಯಾರಿ ನಡೆಸಿದ್ದಳು. ಗೋಡೆ ತುಂಬ ನದಿಗಳ, ಅಣೆಕಟ್ಟುಗಳ ಪಟ ಅಂಟಿಸಿದ್ದಳು. ರುತುಜಾ ಬ್ಯಾಗು ಇಳಿಸುವ ಮೊದಲೇ ಕರಾರು ಹೇಳಿದಳು: "ನೀ ಹಾಡತಿ ಅಂತ ಕೇಳೇನಿ. ನಾ ಎದ್ದ ಓದೂ ಹೊತ್ತಿನಾಗ ಒಂದ ಸೂರ್ ಕೇಳಿದ್ರ ನಿನ್ನ ಗಾದಿ ಹೊರಗ ಹಾಕತೇನಿ. ಆಮ್ಯಾಲ ಸಿಟ್ಟ ಮಾಡಬ್ಯಾಡ."

ಮೊದಲ ಬೆಳಗ್ಗೆ ರುತುಜಾ ಹಾಸಿಗೆಯಲ್ಲಿ ಎದ್ದು ಕುಳಿತು ಗಡಿಯಾರ ನೋಡಿದಳು, ಮಲಗಿದಳು, ಮತ್ತೆ ಕುಳಿತಳು. ಶೀತಲ ದೀಪದ ಕೆಳಗೆ ಬಾಯಲ್ಲೇ ಏನೋ ಬಾಯಿಪಾಠ ಮಾಡುತ್ತಿದ್ದಳು. ಎರಡನೆಯ ಬೆಳಗ್ಗೆ ಮೇಲಿನ ಗಚ್ಚಿಗೆ ಹೋಗಿ ನೋಡಿದಳು, ಬಾಗಿಲಿಗೆ ಬೀಗ. ಬಚ್ಚಲಿಗೆ ಹೋದರೆ ಸರದಿ. ಮೂರನೆಯ ಬೆಳಗ್ಗೆ ಚಾದರ ಹೊದ್ದು ಗೋಡೆಯ ಕಡೆ ಮುಖ ಮಾಡಿ ಕುಳಿತಳು. ತಾನಪುರವನ್ನು ಒಂದೇ ಕಿವಿಗೆ ಹಚ್ಚಿಕೊಂಡು ಬಾಯಿ ಮುಚ್ಚಿ, ಯಾರಿಗೂ ಕೇಳದಷ್ಟು ಸಣ್ಣದಾಗಿ ಸಾ ಹಿಡಿದಳು. ಅಷ್ಟು ಸಣ್ಣದಾಗಿ ಅವಳು ಎಂದೂ ಹಾಡಿರಲಿಲ್ಲ. ತಳ್ಳಲು ಜಾಗವೇ ಇಲ್ಲದ್ದರಿಂದ ದನಿ ತಾನೇ ಕೆಳಗಿಳಿಯುತ್ತ ಹೋಯಿತು. ಪ. ಮ. ಗ. ಗ ಮುರಿಯಲಿಲ್ಲ. ರಿಯಲ್ಲಿ ಉಸಿರು ತೀರಿತು. ಮತ್ತೆ ತೆಗೆದುಕೊಂಡಳು. ಎದೆಯ ಮೂಳೆ ಒಳಗಿನಿಂದ ಜುಮ್ಮೆಂದಿತು.

"ಏ," ಎಂದಳು ಶೀತಲ ಪುಸ್ತಕದಿಂದ ತಲೆ ಎತ್ತದೆ, "ಯಾರದೋ ಮೊಬೈಲ್ ಗುರ್ರ ಅನ್ನಾಕತ್ತೈತಿ. ನಿಂದೇನ ನೋಡ."

ರುತುಜಾ ಚಾದರವನ್ನು ಇನ್ನಷ್ಟು ಮೇಲೆಳೆದುಕೊಂಡಳು.

"ಬಂದ್ ಮಾಡ ಅದನ್ನ."

"ಹೂಂ," ಎಂದಳು ರುತುಜಾ. ಶೀತಲ ಹಾಳೆ ತಿರುವುವವರೆಗೂ ಕಾದಳು. ಮತ್ತೆ ಸಾ ಹಿಡಿದು, ಮೊದಲಿಗಿಂತ ತಗ್ಗಿಸಿ, ಇಳಿಯತೊಡಗಿದಳು.